ಮಡಗಾಂವಿನ ಪಿಯಾನೋ ಕಛೇರಿಯಲ್ಲಿ ಕೇಳಿದ ಆ ತುಣುಕು ಯಾವುದು?

ತೋಟದಂಚು, ಶಿರಸಿ

ನಮಸ್ಕಾರ ಎಲ್ಲರಿಗೂ. ಕೇಳಬೇಕಾದ್ದು ಒಂದೇ ಪ್ರಶ್ನೆ, ಆದರೆ ಕಥೆ ಹೇಳದೆ ಕೇಳಲು ಬರುವುದಿಲ್ಲ.

ನನ್ನದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟ. ಹಿಂದೂಸ್ತಾನಿ ಕೇಳುವ ಹುಚ್ಚು ಚಿಕ್ಕಂದಿನಿಂದ ಇದೆ. ಹಾಡಲು ಬರುವುದಿಲ್ಲ. ಅಪ್ಪ ತಂದಿಟ್ಟ ಒಂದು ಹಾರ್ಮೋನಿಯಂ ಇದೆ, ಮನೆಯಲ್ಲಿ ಯಾರೂ ಇಲ್ಲದಾಗ ಅದರ ಮೇಲೆ ಬೆರಳಾಡಿಸುತ್ತೇನೆ. ಪಿಯಾನೋ ಮಾತ್ರ ಸಿನಿಮಾದಲ್ಲಿ ಕಂಡದ್ದು ಬಿಟ್ಟರೆ ಗೊತ್ತೇ ಇರಲಿಲ್ಲ.

ತಂಗಿಯ ಮಗಳು ಮಡಗಾಂವಿನಲ್ಲಿ ಕೆಲಸದಲ್ಲಿದ್ದಾಳೆ. ಚೌತಿಗೆ ಬಂದವಳು, ಮಾವ ಒಂದ್ಸಲ ಇದನ್ನೂ ಕೇಳಬೇಕು ಎಂದು ಹಟ ಹಿಡಿದು ಟಿಕೆಟ್ ತೆಗೆದೇ ಬಿಟ್ಟಳು. ಹೋದ ಶನಿವಾರ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ರೈಲು ಹತ್ತಿದೆ.

ಸಭಾಂಗಣಕ್ಕೆ ಹೋಗಿ ನೋಡಿದರೆ ಮೈಕ್ ಇಲ್ಲ. ತಂಬೂರಿ ಇಲ್ಲ, ತಬಲಾ ಇಲ್ಲ. ಅಷ್ಟು ದೊಡ್ಡ ವೇದಿಕೆಯ ಮೇಲೆ ಕಪ್ಪಗೆ ಹೊಳೆಯುವ ಒಂದೇ ಒಂದು ಪಿಯಾನೋ, ಮುಚ್ಚಳ ಎತ್ತಿಟ್ಟಿದ್ದರು. ಒಬ್ಬ ಹೆಂಗಸು ಬಂದರು, ಬಗ್ಗಿ ನಮಸ್ಕಾರ ಮಾಡಿದರು, ಕೂತರು. ಶ್ರುತಿ ನೋಡಿಕೊಳ್ಳುವುದು, ಗಂಟಲು ಸರಿ ಮಾಡಿಕೊಳ್ಳುವುದು, "ಮೊದಲಿಗೆ ಇಂಥ ರಾಗ" ಎನ್ನುವುದು, ಯಾವುದೂ ಇಲ್ಲ. ಶುರು. ಎದುರಿಗೆ ಪುಸ್ತಕವನ್ನೂ ಇಟ್ಟುಕೊಂಡಿರಲಿಲ್ಲ. ಎರಡು ತಾಸು ಒಬ್ಬರೇ!

ನನ್ನ ಮಾನ ಹೋದದ್ದು ಎರಡು ಸಲ. ಮೊದಲ ತುಣುಕು ಎರಡು ನಿಮಿಷಕ್ಕೇ ಮುಗಿಯಿತು. ನಾನು ಚಪ್ಪಾಳೆ ಹೊಡೆದೆ. ಇಡೀ ಸಭಾಂಗಣದಲ್ಲಿ ನಾನೊಬ್ಬನೇ. ಸೊಸೆ ಕೈ ಹಿಡಿದು ಕೆಳಗಿಳಿಸಿದಳು. ಅದು ಹದಿಮೂರು ತುಣುಕುಗಳ ಮಾಲೆಯಂತೆ, ಎಲ್ಲ ಮುಗಿದ ಮೇಲೇ ಚಪ್ಪಾಳೆಯಂತೆ. ಎರಡನೆಯದು, ಆಮೇಲೆ ಒಂದು ಕಡೆ ನನಗೇ ಗೊತ್ತಿಲ್ಲದೆ "ಕ್ಯಾ ಬಾತ್!" ಎಂದು ಬಾಯಿಂದ ಹೊರಟಿತು. ಮುಂದಿನ ಸಾಲಿನ ಅಜ್ಜಿ ಹಿಂದೆ ತಿರುಗಿ ನೋಡಿದರು. ಮಾರಿಜಾತ್ರೆಯಲ್ಲಿ ಕಳ್ಳನನ್ನು ಹಿಡಿದಾಗಲೂ ಜನ ಹಾಗೆ ನೋಡುವುದಿಲ್ಲ.

ಈಗ ಪ್ರಶ್ನೆ. ನನ್ನ ಬಾಯಿಂದ ಆ ಮಾತು ಹೊರಡಿಸಿದ ತುಣುಕು ಯಾವುದು? ಕಾರ್ಯಕ್ರಮದ ಹಾಳೆ ಅಂಗಿಯ ಜೇಬಿನಲ್ಲಿ ಕವಳದ ಪೊಟ್ಟಣದ ಜೊತೆ ಇತ್ತು. ವಾಪಸ್ ಬರುವಾಗ ಕುಮಟಾ ಸ್ಟೇಷನ್ನಿನಲ್ಲಿ ಹೊಡೆದ ಮಳೆಗೆ ಎರಡೂ ಸೇರಿ ಮುದ್ದೆಯಾಗಿದೆ. ಓದಲು ಬರುವುದು "ಚೋಪಿನ್" ಎನ್ನುವ ಒಂದು ಹೆಸರು, 28 ಎನ್ನುವ ಒಂದು ಸಂಖ್ಯೆ. ಸೊಸೆಗೆ ಕೇಳಿದರೆ "ಎಲ್ಲಾ ಚೆನ್ನಾಗಿತ್ತಲ್ವಾ ಮಾವ" ಎನ್ನುತ್ತಾಳೆ.

ನನಗೆ ನೆನಪಿರುವುದು ಇಷ್ಟು. ನಿಧಾನ. ಮೇಲೆ ಒಂದು ಸರಳ ಧಾಟಿ. ಕೆಳಗೆ ಒಂದೇ ಸ್ವರ ತಟ್ ತಟ್ ತಟ್ ಎಂದು ಬಿಡದೆ ಬೀಳುತ್ತಿತ್ತು, ಮಳೆ ನಿಂತ ಮೇಲೆ ಮಾಡಿನಿಂದ ಅಂಗಳದ ಹಂಡೆಯ ಮೇಲೆ ಹನಿ ಬೀಳುತ್ತದಲ್ಲ ಹಾಗೆ. ನಡುವೆ ಕತ್ತಲಾಯಿತು. ಘಟ್ಟದ ಕೆಳಗಿನಿಂದ ಮೋಡ ಏರಿ ಬಂದ ಹಾಗೆ ಕೆಳಗಿನ ಸ್ವರಗಳು ಗುಡುಗಿದವು, ಆದರೂ ಆ ಹನಿ ನಿಲ್ಲಲಿಲ್ಲ. ಮತ್ತೆ ಬೆಳಕಾಯಿತು. ಐದಾರು ನಿಮಿಷ ಇರಬಹುದು. ನಾಲ್ಕು ದಿನದಿಂದ ತಲೆಯಲ್ಲಿ ಅದೇ.

ಉಳಿದದ್ದರಲ್ಲಿ ಸತ್ಯ ಹೇಳಬೇಕೆಂದರೆ ನಾನು ದಾರಿ ತಪ್ಪಿದೆ. ವಿರಾಮದ ನಂತರ ಅರ್ಧ ತಾಸು ಒಂದೇ ಉಸಿರಿಗೆ ಬಾರಿಸಿದರು, ಅದರಲ್ಲಿ ತೂಕಡಿಸಿದೆ ಕೂಡಾ. ಇಷ್ಟು ವರ್ಷ ಸಂಗೀತ ಕೇಳಿದವನಿಗೆ ಹೀಗೇಕಾಯಿತು ಎಂದು ಬೇಜಾರು.


ಅಂಕೋಲೆಯ ಮಾಣಿ

ಮಳೆಹನಿ! ಪ್ರಿಲ್ಯೂಡ್ (ಸಣ್ಣ ತುಣುಕು), ಓಪಸ್ 28 (ಓಪಸ್ ಎಂದರೆ ಕೃತಿಯ ಕ್ರಮಸಂಖ್ಯೆ), ನಂಬರ್ 15. ಮತ್ತೆ ಅದನ್ನು ಬರೆದವನ ಹೆಸರು ಚೋಪಿನ್ ಅಲ್ಲ, ಶೋಪಾಂ. ಯೂಟ್ಯೂಬಿನಲ್ಲಿ ಹಾಕಿ ನೋಡಿ, ಎರಡು ಸೆಕೆಂಡಿಗೆ ಗೊತ್ತಾಗುತ್ತದೆ.

"ಕ್ಯಾ ಬಾತ್" ಓದಿ ಆಫೀಸಿನಲ್ಲಿ ನಕ್ಕು ನಾನೂ ಹಾಗೇ ನೋಡಿಸಿಕೊಂಡೆ.


ಹಳೇ ಶ್ರುತಿಗಾರ, ಕುಮಟಾ

ಹೆಸರು ಅಂಕೋಲೆಯ ಹುಡುಗ ಹೇಳಿಯಾಯಿತು, ಸರಿಯಾಗೇ ಹೇಳಿದ್ದಾನೆ. ಅದು ನಿಮ್ಮ ತಲೆಗೇ ಯಾಕೆ ಅಂಟಿತು, ಉಳಿದದ್ದು ಯಾಕೆ ಅಂಟಲಿಲ್ಲ ಎನ್ನುವುದನ್ನು ನಾನು ಹೇಳುತ್ತೇನೆ. ಅದು ನನ್ನ ಕಸುಬಿನ ವಿಷಯ.

ಮೊದಲು ನನ್ನ ಪರಿಚಯ. ಮುಂಬೈಯಲ್ಲಿ 22 ವರ್ಷ ಪಿಯಾನೋ ಶ್ರುತಿ ಮಾಡುವ ಕೆಲಸ ಮಾಡಿದ್ದೇನೆ. ಹೋದದ್ದು ಹಾರ್ಮೋನಿಯಂ ಕಲಿಯಲು. ಹಾರ್ಮೋನಿಯಂ ಅಂಗಡಿಯ ಮಾಲೀಕರಿಗೆ ಪಿಯಾನೋ ಕೆಲಸವೂ ಬರುತ್ತಿತ್ತು, ಅವರ ಚೀಲ ಹೊತ್ತು ಹೊತ್ತು ಕಲಿತೆ. ಈಗ ಊರಿಗೆ ಬಂದು ಪೆಟ್ಟಿಗೆ ರಿಪೇರಿ ಮಾಡಿಕೊಂಡಿದ್ದೇನೆ.

ಈ ತುಣುಕಿನ ಸಾ ಯಾವುದು ಗೊತ್ತಾ? ಅವರ ಭಾಷೆಯಲ್ಲಿ ಡಿ ಫ್ಲಾಟ್ ಮೇಜರ್. ನಮ್ಮ ಭಾಷೆಯಲ್ಲಿ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಬಿಲಾವಲ್ ಥಾಟ್, ಅಂದರೆ ಎಲ್ಲ ಶುದ್ಧ ಸ್ವರಗಳ ಚೌಕಟ್ಟು. ಮೇಲಿನ ಧಾಟಿ ಶುರುವಾಗುವುದೇ ಗ, ಸಾ, ಕೆಳಗಿನ ಪ. ಇನ್ನು ಆ ತಟ್ ತಟ್ ಎನ್ನುವ ಸ್ವರ ಇದೆಯಲ್ಲ, ಅದು ಪಂಚಮ. ಅಂದರೆ ಏನಾಯಿತು? ಸಾ ಗಟ್ಟಿಯಾಗಿ ಕೂತಿದೆ, ಪಂಚಮ ಬಿಡದೆ ಮಿಡಿಯುತ್ತಿದೆ. ನೀವು ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ. ವೇದಿಕೆಯ ಮೇಲೆ ತಂಬೂರಿ ಇರಲಿಲ್ಲ ಎಂದಿರಲ್ಲ, ಈ ತುಣುಕಿನೊಳಗೆ ಇತ್ತು.

ನಡುವಿನ ಕತ್ತಲು ಇನ್ನೂ ಚೆಂದ. ಅಲ್ಲಿ ಸಾ ಬದಲಾಗುವುದಿಲ್ಲ. ಗ, ಧ, ನಿ ಕೋಮಲ ಆಗುತ್ತವೆ, ಅಂದರೆ ಅರ್ಧ ಮೆಟ್ಟಿಲು ಇಳಿಯುತ್ತವೆ, ಅಷ್ಟೇ. ಬಿಲಾವಲ್ ಇದ್ದದ್ದು ಅಸಾವರಿ ಥಾಟ್ ಆಯಿತು. ಧಾಟಿ ಮೇಲಿನಿಂದ ಇಳಿದು ಎಡಗೈಗೆ, ಪಾತಾಳಕ್ಕೆ ಹೋಗುತ್ತದೆ. ಪಂಚಮ ಬಲಗೈಗೆ ಹತ್ತುತ್ತದೆ. ಕಾಗದದ ಮೇಲೆ ಹೆಸರು ಬೇರೆ: ಮೊದಲು ಎ ಫ್ಲಾಟ್ ಎಂದು ಬರೆದದ್ದನ್ನು ಈಗ ಜಿ ಶಾರ್ಪ್ ಎಂದು ಬರೆಯುತ್ತಾರೆ, ಡಿ ಫ್ಲಾಟ್ ಹೋಗಿ ಸಿ ಶಾರ್ಪ್ ಆಗುತ್ತದೆ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು ಇದ್ದ ಹಾಗೆ. ಬೆರಳಿನ ಕೆಳಗಿನ ಮನೆ, ಅಂದರೆ ಒತ್ತುವ ಪಟ್ಟಿ, ಅದೇ.

ಕೊನೆಯ ಹತ್ತಿರ ಒಂದು ಜಾಗವನ್ನು ಮತ್ತೆ ಕೇಳುವಾಗ ಗಮನಿಸಿ. ಹನಿ ಒಮ್ಮೆಲೇ ನಿಲ್ಲುತ್ತದೆ. ಮೇಲಿನ ಧೈವತದಿಂದ ಒಂಟಿ ಧಾಟಿಯೊಂದು ಯಾರ ಆಸರೆಯೂ ಇಲ್ಲದೆ ಇಳಿದು ಬರುತ್ತದೆ. ಆ ಎರಡು ಕ್ಷಣ ನನಗೆ ಯಾವಾಗಲೂ ಕೈ ನಡುಗುತ್ತದೆ. ತಂಬೂರಿ ನಿಂತರೆ ಗವಾಯಿಗೆ ಹೇಗಾಗಬೇಕೋ ಹಾಗೆ. ಆಮೇಲೆ ಹನಿ ಮತ್ತೆ ಶುರು.

ಈಗ ಉಳಿದ ಕಛೇರಿಯ ಮಾತು. ನಿಮಗೆ ಶಾಸ್ತ್ರ ತಿಳಿಯದೆ ದಾರಿ ತಪ್ಪಿದ್ದಲ್ಲ. ನೀವು ಸಾ ಹುಡುಕುತ್ತಾ ಕೂತಿರಿ, ಅದಕ್ಕೇ ತಪ್ಪಿದ್ದು. ಅವರ ಸಂಗೀತದಲ್ಲಿ ಸಾ ಒಂದು ಕಡೆ ನಿಲ್ಲುವುದಿಲ್ಲ, ಬಾಡಿಗೆ ಮನೆಯವರ ಹಾಗೆ ಗಂಟುಮೂಟೆ ಕಟ್ಟಿ ಹೊರಡುತ್ತಲೇ ಇರುತ್ತದೆ. ಎಲ್ಲಿಗೆ ಹೋಯಿತು, ಎಷ್ಟು ದೂರ ಹೋಯಿತು, ಮನೆಗೆ ಹೇಗೆ ಬಂತು, ಬಂತೋ ಇಲ್ಲವೋ, ಕಥೆ ಅದರಲ್ಲೇ ಇರುವುದು. ನಮ್ಮವರು ಒಂದೇ ಮನೆಯಲ್ಲಿ ಕೂತು ಮೂಲೆ ಮೂಲೆ ತೋರಿಸುತ್ತಾರೆ. ಅವರು ಊರು ಸುತ್ತಿಸುತ್ತಾರೆ.

ಒಂದು ಕೇಳುತ್ತೇನೆ. ವಿರಾಮದಲ್ಲಿ ಯಾರಾದರೂ ವೇದಿಕೆಗೆ ಬಂದು ಒಂದು ಹಿಡಿಕೆ ಹಿಡಿದು ಟಿಣ್ ಟಿಣ್ ಮಾಡುತ್ತಿದ್ದರಾ?


ತೋಟದಂಚು, ಶಿರಸಿ

ಸಿಕ್ಕಿತು! ಅದೇ. ಮಾಣಿ, ನಿನಗೆ ಒಂದು ಕಟ್ಟು ತೊಡೆದೇವು.

ಶ್ರುತಿಗಾರರೇ, ಹೌದು, ಬಂದಿದ್ದರು. ಬಿಳಿ ಅಂಗಿ, ಸಣ್ಣ ಚೀಲ. ಹತ್ತು ನಿಮಿಷ ಅದೇ ಎರಡು ಮೂರು ಮನೆ ಒತ್ತುತ್ತಿದ್ದರು. ಜನ ಚಹಾ ಕುಡಿಯಲು ಹೋಗಿದ್ದರು, ನಾನೊಬ್ಬ ಕೂತು ನೋಡಿದೆ. ಪಿಯಾನೋ ಹಾಳಾಗಿತ್ತಾ?


ಹಳೇ ಶ್ರುತಿಗಾರ, ಕುಮಟಾ

ಹಾಳಲ್ಲ. ಅವರು ನಮ್ಮ ಕುಲದವರು. ಜನ ಚಹಾಕ್ಕೆ ಹೋದಾಗಲೇ ನಮ್ಮ ಕಛೇರಿ.

ಒಳಗೆ ಸುಮಾರು 230 ತಂತಿಗಳಿವೆ. ಮನೆಗಳು 88, ಆದರೆ ಮೇಲಿನ ಸ್ವರಗಳಿಗೆ ಒಂದೊಂದಕ್ಕೂ ಮೂರು ಮೂರು ತಂತಿ. ಎಲ್ಲದರ ಎಳೆತ ಕೂಡಿಸಿದರೆ 18ರಿಂದ 20 ಟನ್. ಅಡಿಕೆ ತುಂಬಿದ ಎರಡು ಲಾರಿಯ ಭಾರವನ್ನು ಒಂದು ಕಬ್ಬಿಣದ ಚೌಕಟ್ಟು ತಡೆದುಕೊಂಡು ನಿಂತಿರುತ್ತದೆ. ಮೂರರಲ್ಲಿ ಒಂದು ತಂತಿ ಕೂದಲೆಳೆಯಷ್ಟು ಜಾರಿದರೆ ಸ್ವರ ಅಲುಗಾಡಲು ಶುರು. ಮೊದಲರ್ಧದಲ್ಲಿ ಜೋರಾಗಿ ಬಾರಿಸಿದ್ದರೆ ಎರಡನೆಯ ಅರ್ಧಕ್ಕೆ ಮೊದಲು ನೋಡಲೇಬೇಕು.

ಅದೂ ನಮ್ಮ ಕರಾವಳಿಯ ಮಳೆಗಾಲ. ತಂತಿಯ ಕೆಳಗಿರುವ ದೊಡ್ಡ ಹಲಗೆ ಸ್ಪ್ರೂಸ್ ಮರದ್ದು. ಥಂಡಿ ಕುಡಿದು ಉಬ್ಬುತ್ತದೆ, ತಂತಿಯನ್ನು ಮೇಲಕ್ಕೆ ನೂಕುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಗೆ ಇಳಿಯುತ್ತದೆ. ತಂತಿಗೆ ತುಕ್ಕು, ಮನೆಗಳು ಒತ್ತಿದರೆ ಏಳುವುದಿಲ್ಲ. ಸುತ್ತಿಗೆಯ ಮೇಲಿನ ಉಣ್ಣೆಯ ಫೆಲ್ಟ್ ಹುಳಕ್ಕೆ ಹಬ್ಬ. ಹಳೇ ಮನೆಗಳಲ್ಲಿ ಪಿಯಾನೋದ ಕೆಳಗೆ ಸಣ್ಣ ಬಲ್ಬ್ ಉರಿಸಿ ಇಡುತ್ತಿದ್ದರು, ಮರಿಗೆ ಕಾವು ಕೊಟ್ಟ ಹಾಗೆ. ಒಮ್ಮೆ ಒಬ್ಬ ಮುದುಕಿಯ ಮನೆಗೆ ಹೋಗಿದ್ದೆ, ಎಡಗಡೆಯ ಎಂಟು ಮನೆ ಸದ್ದೇ ಬರುವುದಿಲ್ಲ ಎಂದರು. ಬಿಚ್ಚಿ ನೋಡಿದರೆ ಇಲಿ ಅಷ್ಟೂ ಫೆಲ್ಟ್ ಕಿತ್ತು ಬಾಣಂತನ ಮಾಡಿಕೊಂಡಿತ್ತು. ಐದು ಮರಿ. ಮುದುಕಿ ಮರಿ ದೊಡ್ಡದಾಗುವವರೆಗೂ ಮುಟ್ಟಲು ಬಿಡಲಿಲ್ಲ, ನನಗೆ ಎರಡು ವಾರದ ಕೂಲಿ ತಪ್ಪಿತು.


ಕಾಳಿ ದಂಡೆ, ಕಾರವಾರ

ನಾನು ಕಾರವಾರದಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ, ಭಾನುವಾರ ಚರ್ಚಿನಲ್ಲಿ ಬಾರಿಸುತ್ತೇನೆ. ಶ್ರುತಿಗಾರರು ಹೇಳಿದ್ದೆಲ್ಲ ಚೆನ್ನಾಗಿದೆ. ಮಳೆಹನಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು.

ಆ ಹೆಸರು ಶೋಪಾಂ ಇಟ್ಟದ್ದಲ್ಲ. ಅವನು ಇಟ್ಟದ್ದು ಬರೀ ನಂಬರು. 24 ಪ್ರಿಲ್ಯೂಡ್, ಒಂದೊಂದು ಶ್ರುತಿಗೆ ಒಂದೊಂದು. 1838–39ರ ಚಳಿಗಾಲದಲ್ಲಿ ಮಜೋರ್ಕಾ ದ್ವೀಪದ ಒಂದು ಹಳೇ ಮಠದಲ್ಲಿ ಅವುಗಳನ್ನು ಮುಗಿಸಿದ. ಕೆಮ್ಮು, ಜ್ವರ, ಬಿಡದ ಮಳೆ. ಜೊತೆಗಿದ್ದ ಲೇಖಕಿ ಜಾರ್ಜ್ ಸಾಂಡ್ ಬರೆದಿದ್ದಾರೆ: ತಾವು ಮಳೆಯಲ್ಲಿ ಸಿಕ್ಕಿ ರಾತ್ರಿ ತಡವಾಗಿ ಬಂದಾಗ ಇವನು ಪಿಯಾನೋ ಮುಂದೆ ಕೂತು ಅಳುತ್ತಾ ಒಂದು ಪ್ರಿಲ್ಯೂಡ್ ಬಾರಿಸುತ್ತಿದ್ದ ಎಂದು. ಅದರಲ್ಲಿ ಮಾಡಿನ ಹನಿ ಕೇಳುತ್ತದೆ ಎಂದದ್ದಕ್ಕೆ ಅವನಿಗೆ ಸಿಟ್ಟು ಬಂತಂತೆ. ನಾನೇನು ಮಳೆಯನ್ನು ಅಣಕಿಸುತ್ತೇನಾ ಎನ್ನುವ ಸಿಟ್ಟು. ಯಾವ ನಂಬರಿನ ಪ್ರಿಲ್ಯೂಡ್ ಎಂದು ಅವರು ಬರೆದಿಲ್ಲ. 15ನೆಯದಕ್ಕೆ ಮಳೆಹನಿ ಎಂದು ಹೆಸರು ಅಂಟಿಸಿದ್ದು ಆಮೇಲೆ ಬಂದ ಹಾನ್ಸ್ ಫಾನ್ ಬ್ಯೂಲೋ ಎನ್ನುವ ಪಿಯಾನೋ ವಾದಕ. ಅವನು 24ಕ್ಕೂ ಒಂದೊಂದು ಹೆಸರಿಟ್ಟಿದ್ದ.

ಆದರೆ ತೋಟದ ಅಣ್ಣ, ಹೆಸರೇ ಗೊತ್ತಿಲ್ಲದ ನಿಮಗೂ ಹಂಡೆಯ ಮೇಲಿನ ಹನಿಯೇ ನೆನಪಾಯಿತಲ್ಲ. ಪಾಪ, ಶೋಪಾಂ ಎಷ್ಟು ಸಿಟ್ಟು ಮಾಡಿದರೂ ಉಪಯೋಗವಿಲ್ಲ.

ನೀವು ಚಪ್ಪಾಳೆ ಹೊಡೆದ ಹದಿಮೂರು ತುಣುಕು ಶೂಮನ್ ಎನ್ನುವ ಜರ್ಮನ್ ಸಂಗೀತಗಾರನದು. ಬಾಲ್ಯದ ಚಿತ್ರಗಳು, 1838. ಮಕ್ಕಳು ಬಾರಿಸಲಿ ಎಂದು ಬರೆದದ್ದಲ್ಲ, ದೊಡ್ಡವರು ಹಿಂದೆ ತಿರುಗಿ ನೋಡುವುದು. ಸುಮಾರು 30 ಬರೆದು ಹದಿಮೂರು ಉಳಿಸಿಕೊಂಡ. ಏಳನೆಯದು ಕನಸಿನ ತುಣುಕು, ಅದೊಂದನ್ನು ಬೇರೆಯಾಗಿ ಎಲ್ಲಾದರೂ ಕೇಳಿರುತ್ತೀರಿ. ಆಗ ಅವನಿಗೆ ಕ್ಲಾರಾ ಮೇಲೆ ಪ್ರೀತಿ, ಅವಳ ಅಪ್ಪನಿಗೆ ಇವನ ಮೇಲೆ ದ್ವೇಷ. ಕೋರ್ಟಿಗೆ ಹೋಗಿ 1840ರಲ್ಲಿ ಮದುವೆಯಾದರು. ಕ್ಲಾರಾ ಆ ಕಾಲದ ದೊಡ್ಡ ಪಿಯಾನೋ ವಾದಕಿ. ಪುಸ್ತಕ ಇಲ್ಲದೆ ವೇದಿಕೆಯಲ್ಲಿ ಬಾರಿಸಲು ಶುರು ಮಾಡಿದವರಲ್ಲಿ ಅವಳೂ ಒಬ್ಬಳು. ಮೊದಮೊದಲು ಜನ ಅದನ್ನು ಜಂಬ ಎಂದರು. ಈಗ ನಾವೆಲ್ಲ ಅದಕ್ಕೇ ಹೆದರಿ ಸಾಯುತ್ತೇವೆ.

ಅರ್ಧ ತಾಸು ನಿಲ್ಲದೆ ಬಾರಿಸಿದ್ದು ಆ ಕಾಲದ ಇನ್ನೊಬ್ಬ ದೊಡ್ಡ ಪಿಯಾನೋ ವಾದಕ ಲಿಸ್ಟ್ ಬರೆದ ಬಿ ಮೈನರ್ ಸೊನಾಟಾ ಎನ್ನುವ ದೊಡ್ಡ ಕೃತಿ ಇರಬೇಕು. ನೀವು ತೂಕಡಿಸಿದ್ದಕ್ಕೆ ಬೇಜಾರು ಬೇಡ. 1853ರಲ್ಲಿ ಸ್ವತಃ ಲಿಸ್ಟ್ ಅದನ್ನು ಬಾರಿಸುವಾಗ ಆಮೇಲೆ ದೊಡ್ಡ ಸಂಗೀತಗಾರನಾದ ಬ್ರಾಮ್ಸ್, ಆಗ ಇಪ್ಪತ್ತು ವರ್ಷದವನು, ಎದುರಿಗೆ ಕೂತು ತೂಕಡಿಸಿದ ಎನ್ನುವ ಕಥೆ ಇದೆ. ಲಿಸ್ಟ್ ಅದನ್ನು ಶೂಮನ್‌ಗೆ ಅರ್ಪಣೆ ಮಾಡಿದ್ದ, ಕ್ಲಾರಾಗೆ ಅದು ಒಂಚೂರೂ ಹಿಡಿಸಲಿಲ್ಲ. ನನಗೆ ಮಾತ್ರ ಪ್ರಾಣ.

ಎಲ್ಲ ಮುಗಿದ ಮೇಲೆ ಅವರು ವಾಪಸ್ ಬಂದು ಒಂದು ಸಣ್ಣದು ಬಾರಿಸಿದರಾ?


ತೋಟದಂಚು, ಶಿರಸಿ

ಬಾರಿಸಿದರು ಅಕ್ಕೋರೆ. ಜನ ಎದ್ದು ನಿಂತು ಚಪ್ಪಾಳೆ, ಅವರು ಹೋಗುವುದು ಬರುವುದು, ಹೋಗುವುದು ಬರುವುದು. ಮೂರನೆಯ ಸಲಕ್ಕೆ ಕೂತು "ಬ್ರಾಮ್ಸ್" ಎಂದು ಒಂದೇ ಮಾತು ಹೇಳಿದರು. ಎರಡು ತಾಸಿನಲ್ಲಿ ಅವರ ದನಿ ಕೇಳಿದ್ದು ಅಷ್ಟೇ. ತುಂಬಾ ಮೆತ್ತಗೆ ಇತ್ತು, ಹಿರಿಯರು ಊಟವಾದ ಮೇಲೆ ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ.


ಕಾಳಿ ದಂಡೆ, ಕಾರವಾರ

ಹಾಗಾದರೆ ಓಪಸ್ 118ರ ಎರಡನೆಯದು ಇರಬಹುದು, ಕೇಳಿ ನೋಡಿ. 1893ರಲ್ಲಿ ಅಚ್ಚಾಯಿತು, ಬ್ರಾಮ್ಸ್‌ಗೆ ಆಗ 60. ಅರ್ಪಣೆ ಕ್ಲಾರಾಗೆ. ಅಂದು ತೂಕಡಿಸಿದ ಹುಡುಗ.


ಹೊನ್ನಾವರದ ಮಾಸ್ತರು

ಎಲ್ಲ ಓದಿದೆ. ಎಲ್ಲರೂ ತಿಳಿದವರು. ಆದರೂ ಕೇಳುತ್ತೇನೆ, ಸಿಟ್ಟಾಗಬೇಡಿ. ಮೀಂಡ್ ಇಲ್ಲ, ಗಮಕ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರದ ಪೆಟ್ಟಿಗೆ. ಯಾರೋ ಬರೆದಿಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವುದು. ಇದಕ್ಕೆ ಘಟ್ಟ ಇಳಿದು ಗೋವಾಕ್ಕೆ ಹೋಗಬೇಕಾ? ಗುಣವಂತೆಯಲ್ಲಿ ಒಳ್ಳೆ ಯಕ್ಷಗಾನದ ಆಟ ಇರುತ್ತದೆ, ಬನ್ನಿ.


ಹಳೇ ಶ್ರುತಿಗಾರ, ಕುಮಟಾ

ಮಾಸ್ತರೇ, ಆಟಕ್ಕೆ ನಾನೂ ಬರುತ್ತೇನೆ, ಅದು ಬೇರೆ. ಆದರೆ ನಿಮ್ಮ ಪ್ರಶ್ನೆ ಸರಿಯಾದ ಕಡೆಗೇ ಮುಟ್ಟಿದೆ.

ಪಿಯಾನೋದ ದೊಡ್ಡ ಕೊರತೆ ಜಾರಲು ಬರುವುದಿಲ್ಲ ಎನ್ನುವುದಲ್ಲ. ಅದಕ್ಕಿಂತ ದೊಡ್ಡದಿದೆ. ಸುತ್ತಿಗೆ ತಂತಿಗೆ ಬಡಿದು ಹಿಂದೆ ಬಂದ ಕ್ಷಣದಿಂದ ಸ್ವರ ಸಾಯಲು ಶುರು. ಹಾಡುವವರು ಒಂದು ಸ್ವರ ಹಿಡಿದು ಬೆಳೆಸಬಹುದು. ಸಾರಂಗಿ ಬೆಳೆಸಬಹುದು. ಹಾರ್ಮೋನಿಯಂ ಕೂಡಾ ಗಾಳಿ ಒತ್ತಿ ಬೆಳೆಸಬಹುದು. ಪಿಯಾನೋದಲ್ಲಿ ಹುಟ್ಟಿದ ಸ್ವರ ಸಣ್ಣದಾಗುತ್ತಲೇ ಹೋಗಬೇಕು. ಬಾರಿಸುವವರು ಏನೂ ಮಾಡಲಾರರು. 22 ವರ್ಷ ದಿನಾ ಅದನ್ನೇ ಕೇಳಿದ್ದೇನೆ, ಒಂದು ಮನೆ ಒತ್ತಿ ಅದು ಪೂರ್ತಿ ಸಾಯುವವರೆಗೆ ಕಾಯುವುದೇ ನನ್ನ ಕೆಲಸ.

ಅಂಥ ವಾದ್ಯದಲ್ಲಿ ಇವರು ಹಾಡು ಹಾಡಿಸಲು ಹೊರಟರು ನೋಡಿ. ಅದು ಹಟ. ಸಾಯುತ್ತಿರುವ ಸ್ವರದ ಕೊನೆಯ ಉಸಿರಿನಷ್ಟೇ ಮೆತ್ತಗೆ ಮುಂದಿನ ಸ್ವರವನ್ನು ಹುಟ್ಟಿಸಿದರೆ ಎರಡೂ ಕೂಡಿಕೊಂಡ ಹಾಗೆ ಕಿವಿಗೆ ಮೋಸವಾಗುತ್ತದೆ. ಬಲಗಾಲಿನ ಪೆಡಲ್ ಒತ್ತಿದರೆ ಎಲ್ಲ ತಂತಿಗಳ ಮೇಲಿನ ತಡೆ ಏಳುತ್ತದೆ, ಬಡಿಯದ ತಂತಿಗಳೂ ತಾವಾಗಿ ಮಿಡಿಯುತ್ತವೆ. ನಿಮ್ಮ ಸಿತಾರಿನ ತರಫ್ ಇದ್ದ ಹಾಗೆ. ಧಾಟಿಯನ್ನು ಒಂಚೂರು ತಡೆದು, ಒಂಚೂರು ದೂಡಿ, ಲಯ ಕದ್ದು ಮತ್ತೆ ಕೊಡುವುದು ಇನ್ನೊಂದು. ಅವರು ಅದಕ್ಕೆ ರುಬಾಟೋ ಎನ್ನುತ್ತಾರೆ, ಕದ್ದದ್ದು ಎಂದೇ ಅರ್ಥ. ಮೀಂಡ್ ಇಲ್ಲದವರು ಮೀಂಡಿನ ಆಸೆ ತೀರಿಸಿಕೊಂಡ ದಾರಿ ಇದು.

ಬಾಯಿಪಾಠ ಎಂದಿರಿ. ಭಾಗವತರ ಪ್ರಸಂಗದ ಪದಗಳೂ ಬರೆದಿಟ್ಟದ್ದೇ ಅಲ್ವಾ? ಇಬ್ಬರು ಭಾಗವತರು ಹಾಡಿದರೆ ಒಂದೇ ಆಗುತ್ತದಾ?

ಇನ್ನೊಂದು. ನೀವು ಹಾರ್ಮೋನಿಯಂ ಹೊರಗಿನದು ಎಂದು ಯಾವತ್ತೂ ಹೇಳುವುದಿಲ್ಲ. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1842ರಲ್ಲಿ ಪ್ಯಾರಿಸ್ಸಿನಲ್ಲಿ, ದೆಬಾಂ ಎನ್ನುವವನಿಗೆ. ಆಗ ಶೋಪಾಂ ಅದೇ ಊರಿನಲ್ಲಿ ಪಾಠ ಹೇಳಿಕೊಂಡು ಇದ್ದ. ನಮ್ಮ ಆಕಾಶವಾಣಿಯೇ 1940ರಿಂದ 1971ರವರೆಗೆ ಹಾರ್ಮೋನಿಯಂ ಒಳಗೆ ಬಿಡಲಿಲ್ಲ, ಇದೇ ಮೀಂಡ್ ಇಲ್ಲ ಎನ್ನುವ ದೂರು. ಈಗ ಅದಿಲ್ಲದೆ ನಿಮ್ಮೂರಿನ ಭಜನೆ ಏಳುತ್ತದಾ ಹೇಳಿ.


ಕಾಳಿ ದಂಡೆ, ಕಾರವಾರ

ಮಾಸ್ತರೇ, ನಮ್ಮ ಕಡಲ ದಂಡೆಗೆ ಟಾಗೋರ್ ಹೆಸರಿದೆಯಲ್ಲ, ಅವರ ಹಾಡುಗಾರಿಕೆ ಶುರುವಾದದ್ದರಲ್ಲಿ ಪಿಯಾನೋದ ಪಾಲೂ ಇದೆ. ಅಣ್ಣ ಜ್ಯೋತಿರಿಂದ್ರನಾಥ ಕೋಲ್ಕತ್ತಾದ ಮನೆಯಲ್ಲಿ ಪಿಯಾನೋ ಮೇಲೆ ಹೊಸ ಹೊಸ ಧಾಟಿ ಕಟ್ಟುತ್ತಿದ್ದರು, ತಮ್ಮ ಪಕ್ಕದಲ್ಲಿ ಕೂತು ಅದಕ್ಕೆ ಪದ ಕೂಡಿಸುತ್ತಿದ್ದರು. ಅದೇ ತಮ್ಮ ಆಮೇಲೆ ಇನ್ನೊಬ್ಬ ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಕಾರವಾರಕ್ಕೆ ಬಂದದ್ದು.

ಮತ್ತೆ ತೋಟದ ಅಣ್ಣನ "ಕ್ಯಾ ಬಾತ್" ಬಗ್ಗೆ ಹೇಳಲು ಮರೆತೆ. ಒಬ್ಬರೇ ಕೂತು ಇಡೀ ಸಂಜೆ ಬಾರಿಸುವ ಪದ್ಧತಿ ಬೆಳೆಸಿದ್ದು ಲಿಸ್ಟ್. ಅದಕ್ಕೆ ರಿಸೈಟಲ್ ಎನ್ನುವ ಮಾತು 1840ರಲ್ಲಿ ಲಂಡನ್ನಿನ ಅವನ ಕಛೇರಿಯ ಜಾಹೀರಾತಿನಲ್ಲಿ ಬಂತು. ಆ ಕಾಲದಲ್ಲಿ ಜನ ನಡುವೆಯೇ ಚಪ್ಪಾಳೆ ಹೊಡೆಯುತ್ತಿದ್ದರು, ಕೂಗುತ್ತಿದ್ದರು, ಲಿಸ್ಟ್‌ನ ಕೈಗವಸಿಗೆ ಹೆಂಗಸರು ಕಿತ್ತಾಡುತ್ತಿದ್ದರು. ಉಸಿರು ಬಿಗಿಹಿಡಿದು ಕೂರುವ ಶಿಸ್ತು ಆಮೇಲೆ ಬಂದದ್ದು. ನೀವು ಸುಮ್ನೆ 180 ವರ್ಷ ತಡವಾಗಿ ಹೋದಿರಿ ಅಷ್ಟೇ.


ಹೊನ್ನಾವರದ ಮಾಸ್ತರು

ಸರಿ, ಕೇಳಿ ನೋಡುತ್ತೇನೆ. ಒಪ್ಪಿದೆ ಎಂದಲ್ಲ.


ತೋಟದಂಚು, ಶಿರಸಿ

ಎರಡು ದಿನ ಕರೆಂಟ್ ಇರಲಿಲ್ಲ, ಅದಕ್ಕೇ ತಡ.

ಶ್ರುತಿಗಾರರೇ, ನಿಮ್ಮ ಮಾತು ಪರೀಕ್ಷೆ ಮಾಡಿದೆ. ಹೆಂಡತಿಯ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಕಾಳಿ ಒಂದಕ್ಕೆ ಇಟ್ಟೆ, ಪಂಚಮ. ನನ್ನ ಫೋನಿನಲ್ಲಿ ಮಳೆಹನಿ. ಜಗಲಿಯಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟೆ.

ಮೈ ಜುಂ ಎಂದಿತು. ತಂಬೂರಿಯ ಪ ಮತ್ತು ಪಿಯಾನೋದ ಹನಿ ಒಂದರೊಳಗೊಂದು ಕೂತುಬಿಟ್ಟವು. ನಡುವಿನ ಕತ್ತಲಿನಲ್ಲೂ ಹಾಗೇ. ನೀವು ಹೇಳಿದ ಒಂಟಿ ಧಾಟಿಯೂ ಸಿಕ್ಕಿತು. ಪಿಯಾನೋ ನಿಂತಾಗ ತಂಬೂರಿ ಮಾತ್ರ ಮಿಡಿಯುತ್ತಿತ್ತಲ್ಲ, ಅದು ಸರಿ ಅನ್ನಿಸಲಿಲ್ಲ. ಅಲ್ಲಿ ತಂಬೂರಿ ಇರಬಾರದು.

ಆದರೆ ಎರಡು ಅನುಮಾನ. ಮೊದಲ ಭಾಗದ ನಡುವೆ ಒಂದು ಕಡೆ ತಂಬೂರಿ ಹೊಂದಲೇ ಇಲ್ಲ, ಕಚ್ಚಾಡಿತು. ಎರಡನೆಯದು, ಪಿಯಾನೋದ ಗಂಧಾರ ನನಗೆ ಯಾವಾಗಲೂ ಸ್ವಲ್ಪ ಮೇಲೆ ಕೇಳಿಸುತ್ತದೆ. ನನ್ನ ಕಿವಿಯ ದೋಷವಾ?


ಹಳೇ ಶ್ರುತಿಗಾರ, ಕುಮಟಾ

ಕಿವಿ ದೋಷ ಅಲ್ಲ ಮಾರಾಯ್ರೆ, ಅದು ಕಿವಿಗೆ ಸರ್ಟಿಫಿಕೇಟು.

ಕಚ್ಚಾಡಿದ ಕಡೆ ಸಾ ಹೊರಗೆ ಹೋಗಿದೆ. ಸ್ವಲ್ಪ ಹೊತ್ತು ಪಂಚಮದ ಮನೆ, ಆಮೇಲೆ ಧೈವತದ ಮನೆ, ಮತ್ತೆ ವಾಪಸ್. ನಾನು ಬಾಡಿಗೆ ಮನೆ ಎಂದದ್ದು ಇದನ್ನೇ. ಈಗ ನಿಮಗೆ ಅದು ಕಿವಿಯಿಂದಲೇ ಗೊತ್ತಾಯಿತು. ಇದೇ ಕಿವಿ ಇಟ್ಟುಕೊಂಡು ಶೋಪಾಂನ ಮೊದಲ ಬಲ್ಲಾಡ್ ಕೇಳಿ, ಓಪಸ್ 23. ತಂಬೂರಿ ಹಾಕಬೇಡಿ ಮತ್ತೆ, ಫೋನ್ ಒಡೆಯಬೇಕು ಅನ್ನಿಸುತ್ತದೆ.

ಗಂಧಾರದ ವಿಷಯ. ಪಿಯಾನೋದ ಸಾ ಎಲ್ಲಿಗೆ ಬೇಕಾದರೂ ಹೋಗಬೇಕಲ್ಲ, ಅದಕ್ಕಾಗಿ ಸಪ್ತಕವನ್ನು 12 ಸಮಪಾಲು ಮಾಡಿಟ್ಟಿದ್ದೇವೆ. ಒಂದೊಂದು ಪಾಲಿಗೆ 100 ಸೆಂಟ್ ಎಂದು ಲೆಕ್ಕ. ಹಾಗೆ ಮಾಡಿದಾಗ ಪ ತಂಬೂರಿಯ ಪ ಗಿಂತ ಬರೀ 2 ಸೆಂಟ್ ಕೆಳಗೆ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಿಮ್ಮ ಹನಿ ತಂಬೂರಿಯೊಳಗೆ ಕೂತದ್ದು. ಗ ಮಾತ್ರ ಸುಮಾರು 14 ಸೆಂಟ್ ಮೇಲೆ. ಊರೂರು ತಿರುಗಲು ಕೊಟ್ಟ ಬಾಡಿಗೆ ಅದು. ಶ್ರುತಿ ಮಾಡುವಾಗ ಪ್ರತಿ ಸಲವೂ ಆ ಗಂಧಾರವನ್ನು ಬೇಕೆಂದೇ ಕೆಡಿಸಬೇಕು. ಮೊದಲ ವರ್ಷ ನನಗೆ ಕೈ ಬರುತ್ತಿರಲಿಲ್ಲ, ಗುರುಗಳು ಬೈಯುತ್ತಿದ್ದರು. ನಿಮ್ಮ ಹಾರ್ಮೋನಿಯಮ್ಮೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ನೋಡಿ.


ತೋಟದಂಚು, ಶಿರಸಿ

ನಮ್ಮ ಹಾರ್ಮೋನಿಯಂ ನೋಡುವ ಸ್ಥಿತಿಯಲ್ಲಿಲ್ಲ. ಮಳೆಗಾಲ ಬಂತೆಂದರೆ ಒಂದು ಸ್ವರ ಒತ್ತದಿದ್ದರೂ ತಾನಾಗಿ ಕೂಗುತ್ತದೆ. ಪಂಚಮ ಆಗಿದ್ದರೆ ಹಾಗೇ ಬಿಡುತ್ತಿದ್ದೆ. ಕೋಮಲ ರಿಷಭ. ದೀಪಾವಳಿಯೊಳಗೆ ತಂದರೆ ನೋಡಿಕೊಡುತ್ತೀರಾ?


ಹಳೇ ಶ್ರುತಿಗಾರ, ಕುಮಟಾ

ತನ್ನಿ. ಮುಚ್ಚಳದ ಚರ್ಮ ಗಟ್ಟಿಯಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ, ಒಂದು ಮಧ್ಯಾಹ್ನದ ಕೆಲಸ. ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡಿ, ದೇವಿಮನೆ ತಿರುವಿನಲ್ಲಿ ಉಳಿದ ಸ್ವರಗಳೂ ಕೂಗಲು ಶುರು ಮಾಡುತ್ತವೆ. ತೊಡೆಯ ಮೇಲೆ ಇಟ್ಟುಕೊಳ್ಳಿ. ಹೊರಡುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಒಳಗೆ ಇಲಿ ಇದ್ದರೆ ಅಲ್ಲೇ ಬಿಟ್ಟು ಬನ್ನಿ.